ಎರಡು ವರ್ಷದ ಎಂಸಿಎ ಯಾರಿಗೆ ಸಾಕು?

ಮೊನ್ನೆ ರಾತ್ರಿ ಹನ್ನೊಂದೂವರೆಗೆ, ಎಂಸಿಎ (ಕಂಪ್ಯೂಟರಿನ ಸ್ನಾತಕೋತ್ತರ ಪದವಿ) ಓದ್ತಿರೋ ಅಕ್ಕನ ಮಗಳು ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದಳು. ಸಿ ಪ್ರೋಗ್ರಾಮ್. ಎರಡು ಸಂಖ್ಯೆ ಅದಲು ಬದಲು ಮಾಡುವ ಫಂಕ್ಷನ್ ಬರೆದಿದ್ದಾಳೆ. ಮೊದಲು 10, 20. ಫಂಕ್ಷನ್ ಕರೆದ ಮೇಲೂ ಅದೇ 10, 20. "ಮಾಮ, ಎರರ್ ಒಂದೂ ಇಲ್ಲ, ಆದ್ರೂ ಬದಲಾಗ್ತಿಲ್ಲ, ನಾಳೆ ಲ್ಯಾಬ್ ಇಂಟರ್ನಲ್ಸ್." ಫೋನ್ ಮಾಡಿ ಕೇಳಿದೆ, ಪಹಣಿ ಜೆರಾಕ್ಸ್ ಮಾಡಿಸಿ ಆ ಜೆರಾಕ್ಸ್‌ನಲ್ಲಿ ಹೆಸರು ತಿದ್ದಿದ್ರೆ ತಾಲೂಕು ಆಫೀಸಿನಲ್ಲಿ ಇರೋ ಹೆಸರು ಬದಲಾಗುತ್ತಾ? ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ "ಓ, ಅದಕ್ಕೆ ಪಾಯಿಂಟರಾ!" ಅಂದಳು. ಫಂಕ್ಷನ್‌ಗೆ ಹೋಗೋದು ಸಂಖ್ಯೆಗಳ ನಕಲು ಅಷ್ಟೇ, ಅಸಲು ಬದಲಾಗಬೇಕಂದ್ರೆ ಅದು ಇರೋ ಜಾಗದ ವಿಳಾಸ ಕೊಡಬೇಕು, ಅದೇ ಪಾಯಿಂಟರ್.

ಹುಡುಗಿ ದಡ್ಡಿ ಅಲ್ಲ. ತಾಲೂಕಿನ ಸರ್ಕಾರಿ ಕಾಲೇಜಿನಲ್ಲಿ ಬಿಎಸ್ಸಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್), ಒಳ್ಳೆ ಮಾರ್ಕ್ಸ್. ಪಿಜಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆದು ಎಂಸಿಎ ಸೀಟು ತಗೊಂಡಳು. ಕಷ್ಟ ಏನಪ್ಪಾ ಅಂದ್ರೆ, ಪಕ್ಕದ ಬೆಂಚಿನವರು ಬಿಸಿಎ, ಅಂದ್ರೆ ಕಂಪ್ಯೂಟರ್ ಡಿಗ್ರಿ ಮುಗಿಸಿ ಬಂದವರು, ಇದನ್ನೆಲ್ಲ ಮೂರು ವರ್ಷದ ಹಿಂದೆಯೇ ಅರೆದು ಕುಡಿದವರು.

ನಾನೂ ಹಾಗೇ ಬಂದವನು. 2005ರಲ್ಲಿ ಎಂಸಿಎ ಸೇರಿದಾಗ ಸಿ ಪ್ರೋಗ್ರಾಮ್ ಬರೆಯೋ ಟರ್ಬೋ ಸಿ ಸಾಫ್ಟ್‌ವೇರಿನ ನೀಲಿ ಸ್ಕ್ರೀನ್ ನೋಡಿ ಗಾಬರಿ ಆಗಿದ್ದೆ. ಪ್ರೋಗ್ರಾಮ್ ಓಡಿಸಿದ್ರೆ ಏನೋ ಮಿಂಚಿ ಮಾಯ ಆಗೋದು, ಔಟ್‌ಪುಟ್ ನೋಡೋಕೆ ಆಲ್ಟ್-ಎಫ್5 ಒತ್ತಬೇಕು ಅಂತ ಗೊತ್ತಾಗೋಕೇ ಒಂದು ವಾರ ಹಿಡೀತು! ಆದರೆ ಆಗ ಕೋರ್ಸ್ ಮೂರು ವರ್ಷ, ಆರು ಸೆಮಿಸ್ಟರ್. ಮೊದಲ ವರ್ಷ ಎಡವಿದರೂ ಎದ್ದು ನಿಲ್ಲೋಕೆ ಟೈಮ್ ಇತ್ತು.

2020-21ರಿಂದ, ತಾಂತ್ರಿಕ ಶಿಕ್ಷಣ ನೋಡಿಕೊಳ್ಳೋ ಕೇಂದ್ರದ ಸಂಸ್ಥೆ ಎಐಸಿಟಿಇ ಅದನ್ನ ಎರಡು ವರ್ಷ ಮಾಡಿತು. ಬಿಸಿಎ ಓದಿದವರು ಅದನ್ನೇ ಮತ್ತೆ ಯಾಕೆ ಓದಬೇಕು ಅಂತ ಕೇಳ್ತಾರೆ. ಸರಿಯಾದ ಮಾತೇ. ಆದರೆ ಅವರಿಗೆ ಮೊದಲೂ ಲ್ಯಾಟರಲ್ ಎಂಟ್ರಿ ಇತ್ತಲ್ವಾ, ನೇರ ಎರಡನೇ ವರ್ಷಕ್ಕೆ ಸೇರಬಹುದಿತ್ತು. ಅಂದ್ರೆ ಬೇಕಾದವರಿಗೆ ಎರಡು ವರ್ಷದ ದಾರಿ ಆಗಲೇ ಇತ್ತು. ಹೋಗಿದ್ದು ನಮ್ಮಂಥವರ ಮೊದಲ ವರ್ಷ. ಅದರ ಬದಲಿಗೆ ಕೊಟ್ಟಿದ್ದು ಬ್ರಿಜ್ ಕೋರ್ಸ್, ಕಂಪ್ಯೂಟರ್ ಓದದೆ ಬಂದವರಿಗೆ ಬುನಾದಿ ಹೇಳಿಕೊಡೋ ಪಾಠ. ಇವಳ ಕಾಲೇಜಿನಲ್ಲಿ ಅದು ಸಂಜೆ ನಾಲ್ಕರ ಮೇಲೆ ನಡೀತಂತೆ, ಊರಿಗೆ ಕೊನೇ ಬಸ್ ಹಿಡಿಯೋರು ಅರ್ಧಕ್ಕೇ ಎದ್ದು ಹೋಗೋರಂತೆ.

ಲೆಕ್ಕ ಹಾಕಿ ನೋಡಿ. ಇರೋದು ನಾಲ್ಕೇ ಸೆಮಿಸ್ಟರ್. ಕೊನೇದು ಹೆಚ್ಚುಕಮ್ಮಿ ಪ್ರಾಜೆಕ್ಟು, ಇಂಟರ್ನ್‌ಶಿಪ್ಪಿಗೆ ಹೋಗುತ್ತೆ. ಮೂರನೇದರಲ್ಲಿ ಕಂಪನಿಗಳು ಬರೋಕೆ ಶುರು. ಹಾಗಾಗಿ ಕಂಪ್ಯೂಟರ್ ಗಂಧಗಾಳಿ ಇಲ್ಲದೆ ಬಂದ ಮಗು ಪಾಯಿಂಟರ್‌ನಿಂದ ಹಿಡಿದು ಡೇಟಾ ಸ್ಟ್ರಕ್ಚರ್, ಡೇಟಾಬೇಸ್, ಜಾವಾ ಎಲ್ಲಾ ಎರಡು ಸೆಮಿಸ್ಟರಿನಲ್ಲಿ ಕಲಿತು ಇಂಟರ್ವ್ಯೂಗೆ ಕೂರಬೇಕು.

ಇಷ್ಟೆಲ್ಲ ಹೇಳಿ ಇನ್ನೊಂದು ಹೇಳದಿದ್ರೆ ತಪ್ಪಾಗುತ್ತೆ. ಮೂರು ವರ್ಷ ಅಂದಿದ್ರೆ ಭಾವ ಇವಳನ್ನ ಕಳಿಸ್ತಾನೇ ಇರಲಿಲ್ಲ. "ಎರಡೇ ವರ್ಷ ತಾನೇ, ಓದ್ಲಿ ಬಿಡಿ, ಆಮೇಲೆ ಗಂಡು ನೋಡಿದ್ರಾಯ್ತು" ಅಂದರು. ಒಂದು ವರ್ಷದ ಫೀಸು, ಹಾಸ್ಟೆಲ್ ಖರ್ಚು ಉಳೀತು ಅನ್ನೋದೂ ಸುಳ್ಳಲ್ಲ. ಹೀಗಾಗಿ ಮತ್ತೆ ಮೂರು ವರ್ಷ ಮಾಡಿ ಅಂತ ಕೂಗೋಕೆ ನನಗೇ ಬಾಯಿ ಬರ್ತಿಲ್ಲ. ಬ್ರಿಜ್ ಕೋರ್ಸನ್ನಾದ್ರೂ ಬೆಳಗಿನ ಟೈಮ್‌ಟೇಬಲ್‌ಗೆ ಹಾಕಿ, ಲ್ಯಾಬ್ ಸಮೇತ ನಡೆಸಿ ಅಂತೀನಿ, ಅಷ್ಟೇ.

ಮಕ್ಕಳನ್ನ ಎಂಸಿಎಗೆ ಸೇರಿಸೋರು ಇದ್ರೆ, ಡಿಗ್ರಿ ಪರೀಕ್ಷೆ ಮುಗಿದ ಮೇಲೆ ಕೌನ್ಸೆಲಿಂಗ್ ಅದೂ ಇದೂ ಅಂತ ಕೆಲವು ತಿಂಗಳು ಸುಮ್ನೆ ಹೋಗುತ್ತೆ, ಆಗಲೇ ಸಿ ಶುರು ಮಾಡಿಸಿ. ಹಳೇ ಲ್ಯಾಪ್‌ಟಾಪ್ ಸಾಕು. ವಿಡಿಯೋ ನೋಡಿದ್ರೆ ಸಾಲದು, ಕೈಯಾರೆ ಟೈಪ್ ಮಾಡಿ ತಪ್ಪು ಮಾಡಬೇಕು. ಇದನ್ನ ಇವಳಿಗೆ ಹೇಳೋಕೆ ನನಗೇ ಹೊಳೆಯಲಿಲ್ಲ, ಸೀಟು ಸಿಕ್ಕ ಖುಷಿಯಲ್ಲಿ ಸ್ವೀಟು ಹಂಚ್ತಾ ಕೂತಿದ್ವಿ.

ಮುಂದಿನ ವಾರ ಇವಳಿಗೆ ಲಿಂಕ್ಡ್ ಲಿಸ್ಟ್ ಅಂತೆ, ಪಾಯಿಂಟರ್ ಹಿಡಿದು ಒಂದಕ್ಕೊಂದು ಕೊಂಡಿ ಹಾಕಿದ ಪಟ್ಟಿ. ಅದಕ್ಕೆ ಯಾವ ಪಹಣಿ ಹುಡುಕೋದೋ ನೋಡಬೇಕು.