ಸಹಿ ಹಾಕಿ ಕೊಂಡ ಧೂಳು

ಬೆಳಗಿನ ಜಾವ ಕಿಟಕಿ ಗಾಜು ಗುಂಯ್ ಅಂದಿತು. ಕ್ಯಾಲಿಫೋರ್ನಿಯಾ ಅಲ್ವಾ, ಭೂಕಂಪವೇ ಇರಬೇಕೆಂದು ಎದ್ದು ಕೂತೆ. ಅಲ್ಲ, ಬಾದಾಮಿ.

ಮೊಡೆಸ್ಟೊ ಕಡೆಯ ನಮ್ಮ ಮನೆಯ ಬೇಲಿಗೆ ಅಂಟಿಕೊಂಡೇ ಬಾದಾಮಿ ತೋಟ. ಆಗಸ್ಟ್ ಬಂತೆಂದರೆ ಯಂತ್ರವೊಂದು ಮರದ ಬುಡ ಹಿಡಿಯುತ್ತದೆ. ಮೈಮೇಲೆ ದೇವರು ಬಂದವರ ಹಾಗೆ ಮರ ನಡುಗುತ್ತದೆ, ಕಾಯಿಯೆಲ್ಲ ನೆಲಕ್ಕೆ. ಎಂಟು ಹತ್ತು ದಿನ ಒಣಗಿದ ಮೇಲೆ ಗುಡಿಸುವ ಯಂತ್ರದ ಸವಾರಿ. ಆಮೇಲೆ ದೇವರ ಫೋಟೋ ಮೇಲೂ ಧೂಳು, ಮೊಸರಿನ ಪಾತ್ರೆಯ ಮುಚ್ಚಳದ ಮೇಲೂ ಧೂಳು.

ದೂರು ಕೊಟ್ಟೇ ಬಿಡೋಣವೆಂದು ಮನೆಯ ಫೈಲು ತೆಗೆದೆ. ಅಲ್ಲೊಂದು ಹಾಳೆ. ನಿಮ್ಮ ಮನೆ ಕೃಷಿಭೂಮಿಯಿಂದ ಒಂದು ಮೈಲಿಯೊಳಗಿದೆ, ಯಾವ ಹೊತ್ತಿನಲ್ಲಾದರೂ ಸದ್ದು, ವಾಸನೆ, ಧೂಳು, ಹುಳು, ಗೊಬ್ಬರ, ಜೇನ್ನೊಣ ಎಲ್ಲ ಇರಬಹುದು ಅಂತ. ಕೆಳಗೆ ಮನೆ ಕೊಳ್ಳುವಾಗ ಹಾಕಿದ ನನ್ನದೇ ಸಹಿ. ಈ ರಾಜ್ಯದ 1981ರ ಕಾನೂನೂ ತೋಟದವರ ಕಡೆಗೇ. ಮೂರು ವರ್ಷಕ್ಕಿಂತ ಜಾಸ್ತಿ ರೂಢಿಯ ಪ್ರಕಾರ ನಡೆದುಬಂದ ಬೇಸಾಯವನ್ನು, ಪಕ್ಕದಲ್ಲಿ ಮನೆಗಳು ಎದ್ದವು ಅನ್ನುವ ಕಾರಣಕ್ಕೆ ಉಪದ್ರವ ಎನ್ನುವಂತಿಲ್ಲ.

ತೀರ್ಥಹಳ್ಳಿ ಕಡೆಯ ಅಜ್ಜನ ಮನೆಗೆ ಒಮ್ಮೆ ಅಡಿಕೆ ಸುಗ್ಗಿಯಲ್ಲೇ ಬೆಂಗಳೂರಿನ ಚಿಕ್ಕಪ್ಪ ಬಂದಿದ್ದರು. ಚಿಕ್ಕಮ್ಮನ ಗಂಡ. ಹೊಸ ಅಳಿಯ, ಗರಿಗರಿ ಬಿಳಿ ಅಂಗಿ. ರಾತ್ರಿ ಅಂಗಳದಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತ ಹೆಂಗಸರು ಸುಲಿದದ್ದಕ್ಕಿಂತ ನಕ್ಕಿದ್ದೇ ಜಾಸ್ತಿ. ಚಿಕ್ಕಪ್ಪ ಹನ್ನೊಂದಕ್ಕೆ ಒಮ್ಮೆ, ಹನ್ನೆರಡಕ್ಕೆ ಒಮ್ಮೆ ಹೊರಗೆ ಬಂದು ಕೆಮ್ಮಿದರು. ಯಾರಿಗೂ ಕೇಳಲಿಲ್ಲ. ಕೊನೆಗೆ, "ಮಾವಾ, ಇದನ್ನೆಲ್ಲ ಹಗಲು ಮಾಡಬಾರದಾ?" ಅಂದರು. ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಾ, "ಹಗಲು ಮರದಿಂದ ಅಡಿಕೆ ಕೊನೆ ತೆಗೀಬೇಕಲ್ಲ ಅಳಿಯಂದ್ರೇ" ಅಂದರು.

ಮರುದಿನ ಅಡಿಕೆ ಬೇಯುವ ಹಂಡೆಯ ವಾಸನೆಗೆ ಮೂಗು ಮುಚ್ಚಿಕೊಂಡು ನಡೆದ ಚಿಕ್ಕಪ್ಪ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರಿನ, ಬಕೆಟ್ ಎಡವಿದರು. ಅಂಗಿ ಎದೆಮಟ್ಟ ಕೆಂಪು. ಸೋಪು ಹಚ್ಚಿದರು, ನಿಂಬೆಹಣ್ಣು ಉಜ್ಜಿದರು. ಚೊಗರಿನ ಕಲೆ ಹೋಗುತ್ತದೆಯೇ? ಅಂಗಿ ಹೋಯಿತು, ಕಲೆ ಉಳಿಯಿತು. ಅಜ್ಜಿ ಅದನ್ನು ಹರಿದು ಮಸಿಬಟ್ಟೆ ಮಾಡಿಕೊಂಡರು. ಮರುವರ್ಷವೂ ಚಿಕ್ಕಪ್ಪ ಸುಗ್ಗಿಗೇ ಬಂದರು, ಕಂದು ಬಣ್ಣದ ಅಂಗಿ ಹಾಕಿಕೊಂಡು.

ಇದನ್ನು ಯಾಕೆ ಹೇಳಲು ಹೊರಟೆನೋ. ಏನೋ ಒಂದು ದೊಡ್ಡ ಮಾತು ಹೊಳೆದ ಹಾಗಿತ್ತು. ಅಷ್ಟರಲ್ಲಿ ಆಚೆ ಯಂತ್ರ ಶುರುವಾಯಿತು, ಮಾತು ಮರೆತೇಹೋಯಿತು.

ಹಳ್ಳಿಯಲ್ಲಿ ಹುಟ್ಟಿದವರಿಗೆ ಇಷ್ಟೂ ಸಹಿಸಲಾಗದೇ ಎಂದು ನೀವು ಕೇಳಬಹುದು. ಆದರೆ ನಮ್ಮ ಸುಗ್ಗಿಯಲ್ಲಿ ನಿದ್ದೆ ಕೆಟ್ಟ ನೆರೆಯವರಿಗೆ ಒಂದು ಲೋಟ ಕಾಫಿಯಾದರೂ ಸಿಗುತ್ತಿತ್ತು. ಇಲ್ಲಿ ಐದು ವರ್ಷದಲ್ಲಿ ಬೇಲಿ ದಾಟಿ ಬಂದದ್ದು ಧೂಳು ಮಾತ್ರ. ಮೊನ್ನೆ ಹಬ್ಬದ ಪಾಯಸಕ್ಕೆ ಬಾದಾಮಿ ಬೇಕಾಯಿತು. ಕಾರು ತೆಗೆದು ಅಂಗಡಿಗೆ ಹೋಗಿ ಪೂರ್ತಿ ದುಡ್ಡು ಕೊಟ್ಟು ತಂದೆ.