ದಾರಿ ಕೇಳೋಣ ಅಂದ್ರೆ ಜನ ಬೇಕಲ್ಲ!

ನಮ್ಮ ಮನೆಯವರಿಗೆ ಮ್ಯಾಪಿನ ಮೇಲೆ ನಂಬಿಕೆಯಿಲ್ಲ. ದಾರಿ ತಪ್ಪಿತು ಅನ್ನಿಸಿದರೆ ಕಾರಿನ ಗಾಜು ಇಳಿಸಿ, ಬೀಡಾ ಅಂಗಡಿಯ ಮುಂದೆ ನಿಂತವರನ್ನು "ಸ್ವಾಮಿ, ಇದು ಎಲ್ಲಿಗೆ ಹೋಗುತ್ತೆ?" ಎಂದು ಕೇಳುವುದೇ ಇವರ ಜಿಪಿಎಸ್. ಇಂಥವರನ್ನು ಕಟ್ಟಿಕೊಂಡು ನಾನು ನಮೀಬಿಯಾಕ್ಕೆ ಹೋದೆ. ಕರ್ನಾಟಕದಂಥ ನಾಲ್ಕು ರಾಜ್ಯ ಇಟ್ಟರೂ ಇನ್ನೂ ಜಾಗ ಮಿಗುವ ದೇಶ. 2023ರ ಜನಗಣತಿ ಪ್ರಕಾರ ಅಲ್ಲಿರುವುದು ಸುಮಾರು 30 ಲಕ್ಷ ಜನ. ಅವರೂ ಬಹಳಷ್ಟು ಮಂದಿ ಉತ್ತರದ ಕಡೆ ಇದ್ದಾರೆ. ನಾವು ಹೊರಟಿದ್ದು ಮರುಭೂಮಿಯ ಕಡೆ. ಸ್ವಾಮಿ ಎಲ್ಲಿಂದ ಸಿಗಬೇಕು?

ವಿಂಡ್‌ಹೂಕ್‌ನಲ್ಲಿ ಬಾಡಿಗೆ ಕಾರು ಕೊಡುವ ಹುಡುಗ ಅರ್ಧ ಗಂಟೆ ಪಾಠ ಮಾಡಿದ. ಕತ್ತಲಾದ ಮೇಲೆ ಓಡಿಸಬೇಡಿ, ಕುಡು ಅನ್ನೋ ದೊಡ್ಡ ಜಿಂಕೆ ಅಡ್ಡ ಬರುತ್ತೆ. ಜಲ್ಲಿ ರಸ್ತೆಯಲ್ಲಿ 80 ದಾಟಬೇಡಿ. ಟಾರು ಮುಗಿದ ಕೂಡಲೇ ಟೈರಿನ ಗಾಳಿ ಸ್ವಲ್ಪ ಇಳಿಸಿ. ಪಂಪ್ ಕಂಡಲ್ಲೆಲ್ಲ ಟ್ಯಾಂಕ್ ತುಂಬಿಸಿ. ಆಮೇಲೆ ಡಿಕ್ಕಿ ತೆಗೆದು ಎರಡು ಸ್ಟೆಪ್ನಿ ತೋರಿಸಿದ.

"ಎರಡು ಯಾಕಂತೆ? ಮಾರೋಕಾ?" ಎಂದು ಇವರು ನನ್ನ ಕಿವಿಯಲ್ಲಿ ನಕ್ಕರು. ಅಲ್ಲೂ ನಮ್ಮ ಹಾಗೇ ಎಡಗಡೆ ಓಡಿಸುತ್ತಾರೆ. ಅದೊಂದು ತಿಳಿದದ್ದೇ ಇವರ ಧೈರ್ಯ ಎರಡರಷ್ಟಾಯಿತು. ಮೂವತ್ತು ವರ್ಷ ಬೆಂಗಳೂರಿನಲ್ಲಿ ಕಾರು ಓಡಿಸಿದವರಿಗೆ ಖಾಲಿ ರಸ್ತೆ ಯಾವ ಲೆಕ್ಕ ಹೇಳಿ! ಗಾಳಿ ಇಳಿಸುವ ಮಾತು ಈ ಕಿವಿಯಿಂದ ಬಂದು ಆ ಕಿವಿಯಿಂದ ಹೋಯಿತು. "ದುಡ್ಡು ಕೊಟ್ಟು ತುಂಬಿಸಿದ ಗಾಳಿ, ಯಾರಾದರೂ ಇಳಿಸ್ತಾರಾ?"

ಖಾಲಿ ಅಂದರೆ ಎಷ್ಟು ಖಾಲಿ ಅಂತೀರಿ? ಎದುರಿನಿಂದ ಕಾರು ಬರುವುದು ಐದಾರು ನಿಮಿಷ ಮುಂಚೆಯೇ ಗೊತ್ತಾಗುತ್ತದೆ. ಮೊದಲು ದಿಗಂತದಲ್ಲಿ ಧೂಳಿನ ಬಾಲ, ಆಮೇಲೆ ಒಂದು ಚುಕ್ಕಿ, ಆಮೇಲೆ ಕಾರು. ಹತ್ತಿರ ಬಂದಾಗ ಆ ಡ್ರೈವರ್ ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತುತ್ತಾನೆ. ಅದು ನಮಸ್ಕಾರ. ಇವರು ಮೊದಲ ಸಲ "ಏನೋ ಬೈದ ಕಣೇ" ಅಂದರು. ನಮ್ಮೂರಿನ ಅಭ್ಯಾಸ, ಏನು ಮಾಡೋದು.

ಮ್ಯಾಪಿನಲ್ಲಿ ಸಾಲಿಟೇರ್ ಎಂಬ ಊರು ದಪ್ಪ ಅಕ್ಷರದಲ್ಲಿ ಕಾಣುತ್ತಿತ್ತು. ದಪ್ಪ ಅಕ್ಷರ ಅಂದರೆ ನಮ್ಮ ಲೆಕ್ಕದಲ್ಲಿ ಕಡೇ ಪಕ್ಷ ತಾಲ್ಲೂಕು ಕೇಂದ್ರ. ಬಸ್ ಸ್ಟ್ಯಾಂಡ್, ಎರಡು ದರ್ಶಿನಿ, ಒಂದು ಮೆಡಿಕಲ್ ಶಾಪ್ ಇರಬೇಕು. "ಅಲ್ಲಿ ಊಟ ಮಾಡೋಣ, ನನ್ನ ಬಿಪಿ ಮಾತ್ರೆ ತಗೊಳ್ಳೋಣ, ಹಾಗೇ ಪೇಟೆ ಸುತ್ತೋಣ" ಎಂದು ಇವರು ಪ್ಲಾನ್ ಹಾಕಿದರು. ತಲುಪಿದಾಗ ಕಂಡದ್ದು ಒಂದು ಪೆಟ್ರೋಲ್ ಪಂಪ್, ಒಂದು ಬೇಕರಿ, ಉಳಿದುಕೊಳ್ಳಲು ಒಂದು ಲಾಡ್ಜ್, ಮತ್ತು ಮರಳಿನಲ್ಲಿ ಹೂತು ತುಕ್ಕು ಹಿಡಿದ ಹಳೇ ಕಾರುಗಳು. "ಊರು ಎಲ್ಲಿದೆ?" ಎಂದು ಇವರು ಪಂಪಿನ ಹುಡುಗನನ್ನು ಕೇಳಿದರು. ಅವನು ಕಾಲ ಕೆಳಗಿನ ನೆಲ ತೋರಿಸಿದ. ಬೇಕರಿಯ ಆಪಲ್ ಪೈ ಮಾತ್ರ ಹೆಸರುವಾಸಿ. ಊಟಕ್ಕೆ ಅದು, ನೆಂಚಿಕೊಳ್ಳಲು ಚಟ್ನಿಪುಡಿ. ನಗಬೇಡಿ, ಚೆನ್ನಾಗಿತ್ತು.

ಸೆಸ್ರಿಯಮ್ಮಿನ ಕೆಂಪು ಮರಳುಗುಡ್ಡಗಳ ಬಗ್ಗೆ ನಾನು ಬರೆಯುವುದಿಲ್ಲ. ಫೋಟೋ ನೀವೂ ನೋಡಿರುತ್ತೀರಿ. ಗೇಟಿನಿಂದ 45 ಕಿಲೋಮೀಟರಿಗೆ ಇರುವ ಗುಡ್ಡಕ್ಕೆ ಡ್ಯೂನ್ 45 ಎಂದೇ ಹೆಸರು. ಜನರಿಲ್ಲದ ಕಡೆ ಹೆಸರಿಡಲು ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ನಮ್ಮ ಕಥೆ ಶುರುವಾಗುವುದು ಸಾಲಿಟೇರ್‌ನಿಂದ ವಾಲ್ವಿಸ್ ಬೇ ಎಂಬ ಬಂದರು ಊರಿಗೆ ಹೋಗುವ ಸಿ14 ರಸ್ತೆಯಲ್ಲಿ. ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್, ನಡುವೆ ಒಂದೂ ಪಂಪ್ ಇಲ್ಲ. ದಾರಿಯಲ್ಲಿ ಮಕರ ಸಂಕ್ರಾಂತಿ ವೃತ್ತದ ಬೋರ್ಡು ಸಿಕ್ಕಿತು. "ಛೆ, ಎಳ್ಳುಬೆಲ್ಲ ತರಬೇಕಿತ್ತು" ಎಂದು ಇವರು ಫೋಟೋ ತೆಗೆಸಿಕೊಂಡರು. ಅಲ್ಲಿಂದ ಮುಂದೆ ರಸ್ತೆ ತಗಡಿನ ಶೀಟು ಹಾಸಿದಂತೆ ಅಲೆ ಅಲೆ. ಬಾಯಿ ಬಿಟ್ಟರೆ ಮಾತು ಕುರಿ ಅರಚಿದಂತೆ ಬರುತ್ತಿತ್ತು. ಘಾಟಿಯ ತಿರುವುಗಳಲ್ಲಿ ಇವರು ಅಭ್ಯಾಸಬಲದಿಂದ ಹಾರ್ನ್ ಹೊಡೆದರು. ಅತ್ತ ಕಡೆಯಿಂದ ಬೆಟ್ಟವೇ ತಿರುಗಿ ಹಾರ್ನ್ ಹೊಡೆಯಿತು.

ಆಗಲೇ ಟೈರು ಢಮ್ ಎಂದಿದ್ದು.

ನಮ್ಮೂರಲ್ಲಿ ಪಂಕ್ಚರ್ ಆದರೆ ಎರಡು ನಿಮಿಷದಲ್ಲಿ ಹತ್ತು ಜನ ಸೇರುತ್ತಾರೆ. ಕೈ ಹಾಕುವವನು ಒಬ್ಬ, ಸಲಹೆ ಕೊಡುವವರು ಒಂಬತ್ತು. ಆ ಒಂಬತ್ತು ಜನರ ಮೇಲೆ ನನಗೆ ಯಾವತ್ತೂ ಕೋಪ ಇತ್ತು. ಅವತ್ತು ಅವರಲ್ಲಿ ಅರ್ಧ ಜನ ಬಂದಿದ್ದರೂ ಕಾಫಿ ಮಾಡಿಕೊಡುತ್ತಿದ್ದೆ. ಜಾಕ್ ಇಟ್ಟು ಎತ್ತಿದರೆ ಕಾರು ಮೇಲೇಳಲಿಲ್ಲ, ಜಾಕೇ ಮರಳಿನೊಳಗೆ ಇಳಿಯಿತು. ಇವರು ನನ್ನ ಸ್ಟೀಲ್ ತಟ್ಟೆಯನ್ನು ಅದರ ಕೆಳಗಿಟ್ಟರು. ತಟ್ಟೆ ಬಾಣಲೆಯಾಯಿತು. ಫೋನಿಗೆ ಸಿಗ್ನಲ್ ಇಲ್ಲ. ಬೆವರು ಒರೆಸಿಕೊಳ್ಳುತ್ತಾ ಇವರು ನನಗೆ ಧೈರ್ಯ ಹೇಳಿದರು, "ಹೆದರಬೇಡ. ಇಲ್ಲಿನ ಚೀತಾಗಳೆಲ್ಲ ನಮ್ಮ ಕುನೋಗೆ ಬಂದುಬಿಟ್ಟಿವೆ."

"2022ರಲ್ಲಿ ಬಂದಿದ್ದು ಎಂಟೇ ಕಣ್ರೀ!"

ಇವರು ಸುಮ್ಮನೆ ಕಾರಿನೊಳಗೆ ಬಂದು ಕೂತರು.

ಮುಕ್ಕಾಲು ಗಂಟೆ ಆದ ಮೇಲೆ ದೂರದಲ್ಲಿ ಧೂಳಿನ ಬಾಲ ಕಂಡಿತು. ಬಾಕಿ ಗಾಡಿ. ಪಿಕಪ್ಪಿಗೆ ಅಲ್ಲಿ ಬಾಕಿ ಎನ್ನುತ್ತಾರೆ. ನಾವು ಕೈ ಬೀಸುವ ಮೊದಲೇ ನಿಂತಿತು. ಇಳಿದವರು ವಯಸ್ಸಾದ ರೈತರು. ಬಾಕಿಯಿಂದ ಒಂದು ಹಲಗೆ ತಂದು ಜಾಕಿನ ಕೆಳಗಿಟ್ಟರು. ಇಪ್ಪತ್ತು ನಿಮಿಷದಲ್ಲಿ ಸ್ಟೆಪ್ನಿ ಹತ್ತಿತು. ಆಮೇಲೆ ಉಳಿದ ಟೈರುಗಳನ್ನು ಒತ್ತಿ ನೋಡಿ, ಏನೂ ಹೇಳದೆ ಒಂದೊಂದರದೂ ಗಾಳಿ ಇಳಿಸಿದರು. ನಾನು ಇವರ ಮುಖ ನೋಡಿದೆ. ಇವರು ಆಕಾಶ ನೋಡಿದರು.

ಕೋಡುಬಳೆ ಕೊಟ್ಟೆ. "ಲೆಕ್ಕರ್" ಎನ್ನುತ್ತಾ ನಾಲ್ಕು ತಿಂದರು. ಆಫ್ರಿಕಾನ್ಸ್ ಭಾಷೆಯಲ್ಲಿ ರುಚಿಯಾಗಿದೆ ಎಂದರ್ಥವಂತೆ. ನಿಮ್ಮೂರಲ್ಲಿ ಎಷ್ಟು ಜನ ಎಂದು ಕೇಳಿದರು. ಒಂದು ಕೋಟಿಗಿಂತ ಜಾಸ್ತಿ ಎಂದರು ಇವರು. ಅಜ್ಜ ಸ್ವಲ್ಪ ಹೊತ್ತು ರಸ್ತೆಯ ಎರಡೂ ಕಡೆ ನೋಡಿದರು. "ಅಷ್ಟೂ ಜನಕ್ಕೂ ಕಾರಿದೆಯಾ?"

"ಇದೆ. ಎಲ್ಲಾ ಸಿಲ್ಕ್ ಬೋರ್ಡ್ ಹತ್ತಿರ ನಿಂತಿವೆ."

ನಿಮ್ಮ ಅಕ್ಕಪಕ್ಕದಲ್ಲಿ ಯಾರಿದ್ದಾರೆ ಎಂದು ನಾನು ಕೇಳಿದೆ. ಪಕ್ಕದ ಮನೆ ತೀರಾ ಹತ್ತಿರ, 22 ಕಿಲೋಮೀಟರ್ ಅಂದರು. ಆ ಮನೆಯವರು ಬಂದು ಮಾತು ಜಾಸ್ತಿಯಾದಾಗ ಅಜ್ಜ ಹಿಂದಿನ ಬಾಗಿಲಿಂದ ಹೊರಟುಬಿಡುತ್ತಾರಂತೆ.

ಎರಡನೇ ಟೈರು ಹೋಗಿದ್ದು ಅಲ್ಲಿಂದ ಎಂಬತ್ತು ಕಿಲೋಮೀಟರ್ ಮುಂದೆ. ಈ ಸಲ ಗಟ್ಟಿ ನೆಲ ಸಿಕ್ಕಿತ್ತು, ನಾವೇ ಬದಲಾಯಿಸಿದೆವು. ಉಳಿದ ದಾರಿಯನ್ನು ಸ್ಟೆಪ್ನಿ ಇಲ್ಲದೆ, 40ರ ವೇಗದಲ್ಲಿ, ಆಂಜನೇಯನನ್ನು ನೆನೆಯುತ್ತಾ ಮುಗಿಸಿದೆವು. ವಾಲ್ವಿಸ್ ಬೇಯಲ್ಲಿ ಟೈರ್ ಅಂಗಡಿಯವನು ಒಂದು ಚೂಪು ಕಲ್ಲನ್ನು ಇಕ್ಕಳದಿಂದ ಕಿತ್ತು ಇವರ ಕೈಗಿಟ್ಟ. ಟೈರೆರಡೂ ರಿಪೇರಿಗೆ ಬರಲ್ಲ ಅಂದ. ಇನ್ಶೂರೆನ್ಸಿನ ಕಾಗದ ತೆಗೆದು ಓದಿದೆವು. ಅಪಘಾತಕ್ಕೆ ದುಡ್ಡು ಕೊಡುತ್ತಾರೆ, ಕಳವಿಗೆ ಕೊಡುತ್ತಾರೆ, ಟೈರಿಗೆ ಮಾತ್ರ ಇಲ್ಲ.

ಆ ಕಲ್ಲು ಈಗ ನಮ್ಮ ಶೋಕೇಸಿನಲ್ಲಿ, ಚನ್ನಪಟ್ಟಣದ ಗೊಂಬೆಗಳ ಮಧ್ಯೆ ಕೂತಿದೆ. ನಮೀಬಿಯಾ ಅಂದರೆ ವಜ್ರದ ಗಣಿ ಎಂದು ಓದಿಕೊಂಡ ನೆಂಟರು ಬಂದಾಗಲೆಲ್ಲ ಮೆಲ್ಲಗೆ ಕೇಳುತ್ತಾರೆ, "ಭಾವ, ಇದು ವಜ್ರಾನಾ?"

"ಅಲ್ಲ," ಎನ್ನುತ್ತಾರೆ ಇವರು, "ಆದರೆ ಬಿದ್ದ ಬೆಲೆ ಹೆಚ್ಚುಕಡಿಮೆ ಅಷ್ಟೇ."