ಕಂಡಕ್ಟರ್ ಕೆಲಸ ಹಗುರವಾಯ್ತಾ?

ಶಕ್ತಿ ಯೋಜನೆ ಬಂದ ಮೇಲೆ ಕಂಡಕ್ಟರ್‌ಗಳಿಗೆ ಕೆಲಸ ಕಡಿಮೆ, ಅರ್ಧ ಬಸ್ಸಿನಿಂದ ದುಡ್ಡೇ ಇಸ್ಕೊಳ್ಳುವ ಹಾಗಿಲ್ಲ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನೂ ಒಬ್ಬ ಕಂಡಕ್ಟರ್. ಸರ್, ಒಂದ್ಸಲ ಬೆಳಗಿನ ಟ್ರಿಪ್‌ಗೆ ಬನ್ನಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಪ್ರಯಾಣ ಫ್ರೀ, ನಿಜ. ಆದರೆ ದುಡ್ಡಿಲ್ಲದ ಶೂನ್ಯ ಟಿಕೆಟ್ ಕೊಡಲೇಬೇಕು, ಸರ್ಕಾರ ಸಾರಿಗೆ ನಿಗಮಕ್ಕೆ ದುಡ್ಡು ತುಂಬಿಕೊಡುವುದು ಆ ಲೆಕ್ಕದ ಮೇಲೇ. ಆಧಾರ್ ನೋಡಬೇಕು, ಎಲ್ಲಿ ಇಳಿಯುತ್ತೀರಿ ಅಂತ ಕೇಳಬೇಕು, ಮಷೀನ್ ಒತ್ತಬೇಕು, ಅಷ್ಟರಲ್ಲಿ ಮುಂದಿನ ಸ್ಟಾಪ್ ಬಂದು ಇನ್ನೊಂದಿಷ್ಟು ಜನ ಫುಟ್‌ಬೋರ್ಡ್ ಮೇಲೆ ನೇತಾಡುತ್ತಿರುತ್ತಾರೆ. ಆಗಲೇ ಚೆಕಿಂಗ್‌ನವರು ಕೈ ಅಡ್ಡ ಹಾಕಿದರೆ, ಟಿಕೆಟ್ ಕೊಟ್ಟಿಲ್ಲ ಅಂತ ಮೆಮೊ (ನೋಟಿಸ್) ನಮಗೇ ಅಲ್ವಾ?

ನೈಟ್ ಹಾಲ್ಟ್ ಬಗ್ಗೆಯಂತೂ ಒಂದು ಸಾಲೂ ಇಲ್ಲ. ಹಳ್ಳಿಯ ಕೊನೇ ಸ್ಟಾಪ್‌ನಲ್ಲಿ ಬಸ್ ನಿಲ್ಲಿಸಿ, ಡ್ರೈವರ್ ಹಿಂದಿನ ಉದ್ದ ಸೀಟಿನಲ್ಲಿ, ನಾನು ನಡುವಿನ ಓಡಾಡುವ ಜಾಗದಲ್ಲಿ ಚಾಪೆ ಹಾಸಿಕೊಂಡು, ಕಲೆಕ್ಷನ್ ಬ್ಯಾಗ್ ತಲೆಯಡಿ ಇಟ್ಟುಕೊಂಡು ಮಲಗುತ್ತೇವೆ. ಸೊಳ್ಳೆ ಬೇರೆ. ಸ್ನಾನಕ್ಕೆ ಯಾರದೋ ಮನೆ ಬಾವಿಕಟ್ಟೆ, ಪುಣ್ಯಕ್ಕೆ ಊರಿನವರು ಬೇಡ ಅನ್ನುವುದಿಲ್ಲ.

ಯುಪಿಐ ಬಂದು ಚಿಲ್ಲರೆ ಜಗಳ ಕಡಿಮೆಯಾಗಿದೆ ಅಂದಿದ್ದೀರಿ, ಅದೊಂದು ಒಪ್ಪುತ್ತೇನೆ. ಘಾಟಿಯಲ್ಲಿ ನೆಟ್‌ವರ್ಕ್ ಹೋದಾಗ ಮಾತ್ರ "ದುಡ್ಡು ಕಟ್ಟಾಯ್ತು" ಅಂತ ಪ್ರಯಾಣಿಕರು, "ಬಂದಿಲ್ಲ" ಅಂತ ನಾನು, ಸಿಗ್ನಲ್ ಸಿಗುವವರೆಗೂ ಇಬ್ಬರೂ ಮುಖ ಊದಿಸಿಕೊಂಡು ನಿಂತಿರುತ್ತೇವೆ.